ನ್ಯೂಜೆರ್ಸಿಗೆ ಹೊಸಬರೇ? ಫ್ಲೂಕ್ ಹಿಡಿಯಲು ಬೋಟ್ ಹತ್ತುವ ಮುಂಚೆ

ಮೇ ತಿಂಗಳು ಬಂತು ಅಂದರೆ ಎಡಿಸನ್, ಐಸೆಲಿನ್ ಕಡೆಯ ನಮ್ಮ ಹುಡುಗರು ಶುರು ಮಾಡುತ್ತಾರೆ: "ಅಣ್ಣ, ಇಲ್ಲಿ ಮೀನು ಹಿಡಿಯೋಕೆ ಎಲ್ಲಿಗೆ ಹೋಗ್ಬೇಕು? ರಾಡ್ ಯಾವ್ದು ತಗೋಬೇಕು?" ಪ್ರತಿ ವರ್ಷ ನನ್ನ ಉತ್ತರ ಒಂದೇ. ರಾಡ್ ತಗೋಬೇಡಿ. ಮೊದಲು ಒಂದು ಪಾರ್ಟಿ ಬೋಟ್ ಹತ್ತಿ, ಅರ್ಧ ದಿನ ಫ್ಲೂಕ್ ಅನ್ನುವ ಚಪ್ಪಟೆ ಮೀನಿಗೆ ಗಾಳ ಹಾಕಿ ಬನ್ನಿ. ಅಂಗಡಿಯ ಮಾತು ಆಮೇಲೆ.

ಪಾರ್ಟಿ ಬೋಟ್ ಅಂದರೆ ಬಿಯರ್, ಡಿಜೆ ಅಂದುಕೊಳ್ಳಬೇಡಿ. ತಲೆಗಿಷ್ಟು ಅಂತ ದುಡ್ಡು ಕೊಟ್ಟು, ಹತ್ತಾರು ಜನ ಒಟ್ಟಿಗೆ ಹೋಗಿ ಮೀನು ಹಿಡಿಯುವ ದೊಡ್ಡ ಬೋಟ್ ಅದು. ರಾಡ್ ಬಾಡಿಗೆಗೆ ಸಿಗುತ್ತದೆ, ಎರೆ ಅವರೇ ಕೊಡುತ್ತಾರೆ, ಗಂಟು ಬಿದ್ದ ದಾರ ಬಿಡಿಸಲು ಜನ ಇರುತ್ತಾರೆ. ರಾಡ್ ಬಾಡಿಗೆ, ಟಿಪ್ ಎಲ್ಲ ಸೇರಿ ಒಬ್ಬರಿಗೆ ಅರ್ಧ ದಿನಕ್ಕೆ ಸುಮಾರು 100 ಡಾಲರ್ ಇಟ್ಟುಕೊಳ್ಳಿ. ಅಂಗಡಿಗೆ ನುಗ್ಗಿದರೆ ಅದರ ಮೂರು ಪಟ್ಟು ಸುಮ್ನೆ ಹೋಗುತ್ತದೆ, ಮೇಲಾಗಿ ಆ ರಾಡ್ ಗರಾಜಿನ ಮೂಲೆಯಲ್ಲಿ ನಿಲ್ಲುತ್ತದೆ.

ಫ್ಲೂಕ್ ಅನ್ನುವುದು ಇಲ್ಲಿಯ ಬಾಯಿಮಾತು. ಸರ್ಕಾರಿ ನಿಯಮದ ಪಟ್ಟಿಯಲ್ಲಿ ಇದೇ ಮೀನು ಸಮ್ಮರ್ ಫ್ಲೌಂಡರ್ ಅಂತ ಇರುತ್ತದೆ. ಚಪ್ಪಟೆ ಮೀನು, ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ. ಕರಾವಳಿಯವರಿಗೆ ನಮ್ಮ ನಂಗು ಮೀನು ನೆನಪಾಗುತ್ತದೆ, ದೂರದ ನೆಂಟರೇ. ಆದರೆ ಫ್ಲೂಕ್ ಬಹಳ ದೊಡ್ಡದು, ಬಾಯಿ ತುಂಬ ಹಲ್ಲು. ಮರಿ ಹುಟ್ಟುವಾಗ ಕಣ್ಣು ಎರಡೂ ಕಡೆ ಇರುತ್ತವೆ. ಬೆಳೆಯುತ್ತಾ ಬಲಗಣ್ಣು ತಲೆ ದಾಟಿ ಎಡಗಡೆಗೆ ಬರುತ್ತದೆ. ಆಮೇಲೆ ಜೀವನಪೂರ್ತಿ ಬಲಮಗ್ಗುಲ ಮೇಲೆ ಮಲಗಿ, ಮರಳಿನ ಬಣ್ಣಕ್ಕೆ ಮೈ ಬಣ್ಣ ಹೊಂದಿಸಿಕೊಂಡು, ಹತ್ತಿರ ಬಂದ ಚಿಕ್ಕ ಮೀನಿನ ಮೇಲೆ ಎರಗುತ್ತದೆ. ವಿಂಟರ್ ಫ್ಲೌಂಡರ್ ಬೇರೆ ಮೀನು, ಅದರ ನಿಯಮವೂ ಬೇರೆ. ಗುರುತಿಸುವುದು ಸುಲಭ: ಕಣ್ಣಿರುವ ಮಗ್ಗುಲು ನಿಮ್ಮ ಕಡೆ, ಹೊಟ್ಟೆ ಕೆಳಗೆ ಬರುವ ಹಾಗೆ ಹಿಡಿದಾಗ ತಲೆ ಎಡಕ್ಕೆ ಬಂದು, ಬಾಯಿ ದೊಡ್ಡದಿದ್ದರೆ ಫ್ಲೂಕ್. ತಲೆ ಬಲಕ್ಕೆ, ಬಾಯಿ ಪುಟ್ಟದು ಅಂದರೆ ವಿಂಟರ್ ಫ್ಲೌಂಡರ್.

ಚಳಿಗಾಲದಲ್ಲಿ ಫ್ಲೂಕ್ ದಡದಿಂದ ಬಹು ದೂರ, ಆಳ ಸಮುದ್ರದಲ್ಲಿ ಇರುತ್ತದೆ. ವಸಂತದಲ್ಲಿ ಕೊಲ್ಲಿಗಳಿಗೆ, ಅಳಿವೆಗಳಿಗೆ ಬರುತ್ತದೆ. ಶರತ್ಕಾಲದಲ್ಲಿ ಮೊಟ್ಟೆ ಇಡಲು ಮತ್ತೆ ಹೊರಗೆ. ಹಾಗಾಗಿ ಇಲ್ಲಿ ಮೀನಿನ ಕಾಲ ಅಂದರೆ ಬೇಸಿಗೆ. ಊರಲ್ಲಿ ಜೂನ್, ಜುಲೈ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ, ಮಲ್ಪೆ ಬಂದರಿನಲ್ಲಿ ಬೋಟ್‌ಗಳೆಲ್ಲ ದಡ ಸೇರಿರುತ್ತವೆ. ಇಲ್ಲಿ ಅದೇ ಎರಡು ತಿಂಗಳು ಬೋಟ್ ತುಂಬಿ ತುಳುಕುತ್ತದೆ.

ಎಡಿಸನ್ ಕಡೆಯವರಿಗೆ ಹತ್ತಿರದ್ದು ಅಟ್ಲಾಂಟಿಕ್ ಹೈಲ್ಯಾಂಡ್ಸ್. ಗಾರ್ಡನ್ ಸ್ಟೇಟ್ ಪಾರ್ಕ್‌ವೇ 117ನೇ ಎಕ್ಸಿಟ್ ಇಳಿದು ರೂಟ್ 36 ಹಿಡಿದರೆ ಮುನ್ಸಿಪಲ್ ಹಾರ್ಬರ್ ಸಿಗುತ್ತದೆ. ಅಲ್ಲಿಯ ಬೋಟ್‌ಗಳು ಸ್ಯಾಂಡಿ ಹುಕ್ ಕೊಲ್ಲಿ, ರಾರಿಟನ್ ಕೊಲ್ಲಿಯಲ್ಲಿ ತಿರುಗುತ್ತವೆ. ದಕ್ಷಿಣಕ್ಕೆ ಹೋದರೆ ಬೆಲ್ಮಾರ್, ಪಾಯಿಂಟ್ ಪ್ಲೆಸೆಂಟ್, ಬಾರ್ನೆಗಾಟ್ ಲೈಟ್. ಮೇ, ಜೂನ್‌ನಲ್ಲಿ ಕೊಲ್ಲಿಯ ಬೋಟ್ ಒಳ್ಳೆಯದು. ನೀರು ಆಳ ಇರುವುದಿಲ್ಲ, ಬೇಗ ಬೆಚ್ಚಗಾಗುತ್ತದೆ, ಅಲೆಯೂ ಕಡಿಮೆ. ಜುಲೈ ದಾಟಿ ಕೊಲ್ಲಿಯ ನೀರು ತೀರಾ ಬಿಸಿಯಾದ ಮೇಲೆ ದೊಡ್ಡ ಮೀನು ಹೊರಗಿನ ಸಮುದ್ರಕ್ಕೆ ಜಾರುತ್ತದೆ. ಶನಿವಾರ ಬೀಚ್‌ಗೆ ಹೋಗುವ ಟ್ರಾಫಿಕ್ ಇರುತ್ತದೆ, ಬೋಟ್ ಯಾರಿಗೂ ಕಾಯುವುದಿಲ್ಲ. ಒಂದು ಗಂಟೆ ಮುಂಚೆ ಇರಿ. ಕ್ಯಾಶ್ ಇಟ್ಟುಕೊಳ್ಳಿ.

ಇನ್ನು ಕಾಗದಪತ್ರ. ನ್ಯೂಜೆರ್ಸಿಯಲ್ಲಿ ಸಮುದ್ರದಲ್ಲಿ ಗಾಳ ಹಾಕಲು ದುಡ್ಡು ಕೊಟ್ಟು ಲೈಸೆನ್ಸ್ ಮಾಡಿಸಬೇಕಿಲ್ಲ. 16 ತುಂಬಿದವರು ಒಂದು ಉಚಿತ ನೋಂದಣಿ ಮಾಡಿಸಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಪಾರ್ಟಿ ಬೋಟ್‌ನಲ್ಲಿ ಹೋದರೆ ಅದೂ ಬೇಡ, ಬೋಟಿನ ನೋಂದಣಿಯೇ ಸಾಕು. ಬೇಸಿಗೆಗೆ ಊರಿಂದ ಬಂದ ಅಪ್ಪ, ಮಾವನನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ಅನುಕೂಲ. ಕೆರೆ, ಹೊಳೆಯ ಸಿಹಿನೀರಿನ ಮೀನಿಗೆ ಮಾತ್ರ ಲೈಸೆನ್ಸ್ ಬೇಕೇ ಬೇಕು, ಎರಡನ್ನೂ ಒಂದೇ ಅಂತ ತಿಳಿಯಬೇಡಿ.

ಅಳತೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. 2024 ಮತ್ತು 2025ರಲ್ಲಿ ನ್ಯೂಜೆರ್ಸಿಯ ನಿಯಮ ಹೀಗಿತ್ತು: ಮೇ 4ರಿಂದ ಸೆಪ್ಟೆಂಬರ್ 25ರವರೆಗೆ, ಒಬ್ಬರಿಗೆ ದಿನಕ್ಕೆ 3 ಮೀನು, ಒಂದೊಂದೂ ಕನಿಷ್ಠ 18 ಇಂಚು. ಡೆಲವೇರ್ ಕೊಲ್ಲಿಯಲ್ಲಿ 17. ಈ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಆದ್ದರಿಂದ ಹೊರಡುವ ಮುಂಚೆ ನ್ಯೂಜೆರ್ಸಿ ಫಿಶ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಈ ವರ್ಷದ ಪಟ್ಟಿ ನೋಡಿ. ಆ ಎರಡು ವರ್ಷ ಪಕ್ಕದ ನ್ಯೂಯಾರ್ಕ್‌ನ ಅಳತೆ ಇನ್ನೂ ದೊಡ್ಡದಿತ್ತು. ಬಾಯಿ ಮುಚ್ಚಿ, ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ಹದಿನೇಳೂ ಮುಕ್ಕಾಲು ಬಂದರೆ ಎಳೆದು ಹದಿನೆಂಟು ಮಾಡಲು ಹೋಗಬೇಡಿ. ದಡದಲ್ಲಿ ಅಧಿಕಾರಿಗಳು ಕೂಲರ್ ತೆಗೆಸಿ ನೋಡುತ್ತಾರೆ, ದಂಡ ಹಾಕುತ್ತಾರೆ.

ಒಂದು ಇಂಚಿಗೆ ಇಷ್ಟು ರಂಪ ಯಾಕೆ ಅಂತ ಅನ್ನಿಸಬಹುದು. 2017ರಲ್ಲಿ ಇದೇ ಒಂದು ಇಂಚು ವಾಷಿಂಗ್ಟನ್ ತನಕ ಹೋಗಿತ್ತು. ಪೂರ್ವ ತೀರದ ರಾಜ್ಯಗಳ ಮೀನುಗಾರಿಕೆ ಆಯೋಗ 19 ಇಂಚು ಮಾಡಿ ಅಂದಿತು. ನ್ಯೂಜೆರ್ಸಿ ಒಪ್ಪಲಿಲ್ಲ. 18 ಇಂಚನ್ನೇ ಇಟ್ಟುಕೊಂಡು, ಬದಲಿಗೆ ಸೀಸನ್ ಮೊಟಕು ಮಾಡುತ್ತೇವೆ ಅಂದಿತು. ಕೊನೆಗೆ ಅಮೆರಿಕ ಕೇಂದ್ರ ಸರ್ಕಾರದ ಆಗಿನ ವಾಣಿಜ್ಯ ಕಾರ್ಯದರ್ಶಿ ವಿಲ್ಬರ್ ರಾಸ್ ನ್ಯೂಜೆರ್ಸಿಯ ಮಾತನ್ನೇ ಒಪ್ಪಿದರು. ಇಲ್ಲಿಯ ಗಾಳದವರ ವಾದದಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಫ್ಲೂಕ್‌ನಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಅಳತೆ ಏರಿಸಿದಷ್ಟೂ ಮನೆಗೆ ಬರುವುದರಲ್ಲಿ ಹೆಚ್ಚಿನದು ಮೊಟ್ಟೆ ಇಡುವ ಹೆಣ್ಣು ಮೀನೇ. ಮೇಲಾಗಿ ಚಿಕ್ಕದನ್ನು ವಾಪಸ್ ಬಿಟ್ಟರೂ ಎಲ್ಲವೂ ಬದುಕುವುದಿಲ್ಲ. ಹತ್ತರಲ್ಲಿ ಒಂದು ಸಾಯುತ್ತದೆ ಅಂತ ಹಿಡಿದೇ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ನಿಮ್ಮ ಗಾಳಕ್ಕೆ ಬರುವುದರಲ್ಲಿ ಹೆಚ್ಚಿನವು ಚಿಕ್ಕವೇ. ಹಾಗಾಗಿ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಸೆಲ್ಫಿಗೆ ಹೊತ್ತು ಕಳೆಯಬೇಡಿ. ಕೊಕ್ಕೆ ಗಂಟಲೊಳಗೆ ಹೋಗಿದ್ದರೆ ಕೀಳಬೇಡಿ, ದಾರ ಕತ್ತರಿಸಿ ಬಿಟ್ಟುಬಿಡಿ.

ಈಗ ಗಾಳದ ಕೆಲಸಕ್ಕೆ ಬರೋಣ. ಕ್ಯಾಪ್ಟನ್ ಒಂದು ಜಾಗಕ್ಕೆ ಹೋಗಿ ಎಂಜಿನ್ ನಿಲ್ಲಿಸುತ್ತಾನೆ. ಲಂಗರು ಹಾಕುವುದಿಲ್ಲ. ಗಾಳಿ, ನೀರಿನ ಸೆಳೆತ ಎರಡೂ ಸೇರಿ ಬೋಟನ್ನು ನಿಧಾನವಾಗಿ ತೇಲಿಸಿಕೊಂಡು ಹೋಗುತ್ತವೆ. ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಫ್ಲೂಕ್ ಎರೆ ಹುಡುಕಿಕೊಂಡು ಊರೆಲ್ಲ ಅಲೆಯುವ ಮೀನಲ್ಲ. ಎರೆಯೇ ಅದರ ಮೂತಿಯ ಮುಂದೆ ಹಾದು ಹೋಗಬೇಕು. ಗಂಟೆಗೆ ಒಂದು ಮೈಲಿಯ ಆಸುಪಾಸು ಬೋಟ್ ಸರಿದರೆ ಸರಿಯಾದ ಡ್ರಿಫ್ಟ್. ಗಾಳಿ ಒಂದು ಕಡೆ, ಉಬ್ಬರದ ನೀರು ಎದುರು ಕಡೆ ಎಳೆದರೆ ಬೋಟ್ ನಿಂತಲ್ಲೇ ನಿಲ್ಲುತ್ತದೆ. ಅಂಥ ದಿನ ಎಂಥ ನುರಿತವರಿಗೂ ಮೀನು ಕಡಿಮೆ. ಉಬ್ಬರ ಇಳಿತ ಬದಲಾಗುವ ನಡುವೆ ನೀರು ನಿಲ್ಲುವ ಹೊತ್ತೂ ಅಷ್ಟೇ. ಆ ಹೊತ್ತಿಗೆ ಊಟದ ಡಬ್ಬಿ ತೆಗೆಯಿರಿ.

ಹೊಸಬರು ಕಲಿಯಬೇಕಾದ್ದು ಒಂದೇ: ತಳ ಬಿಡಬೇಡಿ. ದಾರದ ತುದಿಯ ಸೀಸದ ಗುಂಡು ಸಮುದ್ರದ ತಳಕ್ಕೆ ತಾಗುತ್ತಲೇ ಇರಬೇಕು. ರೀಲಿನ ಮೇಲೆ ಹೆಬ್ಬೆರಳು ಇಟ್ಟು ದಾರ ಬಿಡಿ. ಗುಂಡು ತಳ ಮುಟ್ಟಿದ್ದು ಕೈಗೆ ಟಕ್ ಅಂತ ಗೊತ್ತಾಗುತ್ತದೆ. ಬೋಟ್ ಸರಿಯುತ್ತಾ ಗುಂಡು ಮೇಲೇಳುತ್ತದೆ, ಆಗ ಇನ್ನೊಂದಿಷ್ಟು ದಾರ ಬಿಡಿ. ದಾರ ತೀರಾ ಓರೆಯಾಗಿ ದೂರ ಹೋಗುತ್ತಿದ್ದರೆ ಗುಂಡು ಹಗುರ ಅಂತ ಅರ್ಥ, ಭಾರದ್ದು ಕೇಳಿ ಹಾಕಿಸಿಕೊಳ್ಳಿ. ಕೊಲ್ಲಿಯಲ್ಲಿ ಮೂರು ನಾಲ್ಕು ಔನ್ಸ್ ಸಾಕಾದರೆ ಹೊರ ಸಮುದ್ರದಲ್ಲಿ ಆರು, ಎಂಟು ಬೇಕಾಗುತ್ತದೆ. ಮೊಬೈಲ್ ನೋಡುತ್ತಾ ನಿಂತವರ ಗುಂಡು ತಳದಿಂದ ಆರಡಿ ಮೇಲೆ ಹಾರಾಡುತ್ತಿರುತ್ತದೆ. ಪಕ್ಕದಲ್ಲಿ ನಿಂತ ಹತ್ತು ವರ್ಷದ ಹುಡುಗಿ ಆಗಲೇ ಎರಡನೇ ಮೀನು ಎತ್ತುತ್ತಿರುತ್ತಾಳೆ!

ಎರೆಗೆ ಸಾಮಾನ್ಯವಾಗಿ ಬೊಂಡಾಸದ ಪಟ್ಟಿ, ಅಂದರೆ ಸ್ಕ್ವಿಡ್, ಜೊತೆಗೆ ಸ್ಪಿಯರಿಂಗ್ ಅನ್ನುವ ಬೆಳ್ಳಿ ಬಣ್ಣದ ಪುಟ್ಟ ಮೀನು. ಪಟ್ಟಿಯನ್ನು ತೆಳ್ಳಗೆ ಉದ್ದವಾಗಿ ಕತ್ತರಿಸಿ, ಒಂದು ತುದಿಗೆ ಮಾತ್ರ ಕೊಕ್ಕೆ ಚುಚ್ಚಿ. ಉಳಿದದ್ದು ನೀರಿನಲ್ಲಿ ಅಲ್ಲಾಡಬೇಕು. ಮುದ್ದೆ ಮಾಡಿ ಚುಚ್ಚಿದರೆ ಗಿರಗಿರ ಸುತ್ತಿ ದಾರ ಹುರಿಗಟ್ಟುತ್ತದೆ, ಮೀನು ಮೂಸಿಯೂ ನೋಡುವುದಿಲ್ಲ. ಪಳಗಿದವರು ಕೂದಲು ಕಟ್ಟಿದ ಸೀಸದ ಬಕ್‌ಟೇಲ್‌ಗೆ ಗಲ್ಪ್ ಅನ್ನುವ ಕೃತಕ ಎರೆ ಸಿಕ್ಕಿಸಿ, ಬೆಳಗಿನಿಂದ ಕುಲುಕುತ್ತಾ ನಿಂತಿರುತ್ತಾರೆ. ದೊಡ್ಡ ಮೀನು ಅವರಿಗೇ ಜಾಸ್ತಿ ಬೀಳುವುದು ನಿಜ. ಆದರೆ ಮಣಿಕಟ್ಟು ಸೋತು ಹೋಗುತ್ತದೆ. ಮುಂದಿನ ವರ್ಷಕ್ಕೆ ಇರಲಿ.

ಫ್ಲೂಕ್ ಕಚ್ಚಿದಾಗ ಎಳೆದಾಟ ಇರುವುದಿಲ್ಲ. ನೀರೊಳಗೆ ಒದ್ದೆ ಬಟ್ಟೆ ಎಳೆದ ಹಾಗೆ ದಾರ ಭಾರವಾಗುತ್ತದೆ, ಅಷ್ಟೇ. ಆಗ ಜಗ್ಗಬೇಡಿ. ಎರೆಯ ತುದಿಯನ್ನು ಕಚ್ಚಿಕೊಂಡಿರುತ್ತದೆ, ಇನ್ನೂ ನುಂಗಿರುವುದಿಲ್ಲ. ರಾಡಿನ ತುದಿ ತಗ್ಗಿಸಿ, ನಾಲ್ಕೈದು ಎಣಿಸಿ, ಆಮೇಲೆ ನಿಧಾನವಾಗಿ ಎತ್ತಿ. ಭಾರ ನಿಂತಿದ್ದರೆ ಒಂದೇ ವೇಗದಲ್ಲಿ ರೀಲ್ ಸುತ್ತುತ್ತಾ ಬನ್ನಿ, ದಾರ ಸಡಿಲ ಬಿಡಬೇಡಿ. ಮೀನು ಕಾಣಿಸುತ್ತಿದ್ದ ಹಾಗೆ "ನೆಟ್!" ಅಂತ ಕೂಗಿ. ಖುಷಿಗೆ ಅದರ ತಲೆಯನ್ನು ನೀರಿನಿಂದ ಮೇಲೆ ಎತ್ತಿದಿರೋ, ಒಮ್ಮೆ ತಲೆ ಒದರಿ ಕೊಕ್ಕೆ ಬಿಡಿಸಿಕೊಂಡು ಹೋಗುತ್ತದೆ. ಒಳ್ಳೊಳ್ಳೆ ಮೀನು ಕೈತಪ್ಪುವುದು ಅಲ್ಲೇ. ತಲೆ ನೀರಿನ ಮಟ್ಟದಲ್ಲೇ ಇರಲಿ, ಬಲೆ ಹಿಡಿದವನು ಮುಂದಿನಿಂದ ಹಾಕಿ ಎತ್ತುತ್ತಾನೆ.

ಆ ಬಲೆ ಹಿಡಿದವನು ಮೇಟ್. ಕೊಕ್ಕೆ ಬಿಡಿಸುವುದು, ಎರೆ ಕತ್ತರಿಸುವುದು, ಕೊನೆಗೆ ಮೀನು ಸೀಳಿಕೊಡುವುದು ಎಲ್ಲ ಅವನೇ. ಅವನ ದಿನದ ದುಡಿಮೆ ಹೆಚ್ಚಾಗಿ ನಿಮ್ಮ ಟಿಪ್‌ನಿಂದಲೇ. ಟಿಕೆಟ್‌ನ 20 ಪರ್ಸೆಂಟ್ ವಾಡಿಕೆ, ಮೀನು ಸಿಗಲಿಲ್ಲ ಅಂತ ಕೈ ಬಿಗಿ ಹಿಡಿಯಬೇಡಿ. ಹಿಂದಿನ ಮೂಲೆಗಳಲ್ಲಿ ಯಾರೋ ಆಗಲೇ ರಾಡ್ ಇಟ್ಟಿದ್ದರೆ ಅದು ಅವರ ಜಾಗ, ಸರಿಸಬೇಡಿ. ಪಕ್ಕದವರ ದಾರಕ್ಕೆ ನಿಮ್ಮದು ಸುತ್ತಿಕೊಂಡರೆ ಇಬ್ಬರೂ ಎಳೆಯದೆ ಮೇಟ್‌ನನ್ನು ಕರೆಯಿರಿ. ಪೂಲ್‌ಗೆ ಸೇರುತ್ತೀರಾ ಅಂತ ಕೇಳುತ್ತಾರೆ. ಎಲ್ಲರೂ ಒಂದಿಷ್ಟು ಡಾಲರ್ ಹಾಕಿ, ದೊಡ್ಡ ಮೀನು ಹಿಡಿದವರಿಗೆ ಕೊಡುವ ಪದ್ಧತಿ. ಇಷ್ಟ ಇದ್ದರೆ ಮಾತ್ರ.

ಹಾಂ, ಬಾಳೆಹಣ್ಣು ತರಬೇಡಿ. ಬೋಟಿನಲ್ಲಿ ಬಾಳೆಹಣ್ಣು ಅಪಶಕುನ ಅಂತ ಇಲ್ಲಿಯವರ ನಂಬಿಕೆ. ಕೆಲವರು ತಮಾಷೆಗೆ ಅನ್ನುತ್ತಾರೆ, ಕೆಲವರು ನಿಜವಾಗಿಯೂ ಮುಖ ಗಂಟಿಕ್ಕುತ್ತಾರೆ. ಬೆಕ್ಕು ಅಡ್ಡ ಬಂದರೆ ಒಂದು ನಿಮಿಷ ನಿಲ್ಲುವ ನಾವು ನಗುವ ಹಾಗಿಲ್ಲ, ಅಲ್ವಾ? ಪುಳಿಯೋಗರೆ, ಚಿತ್ರಾನ್ನಕ್ಕೆ ಯಾರ ತಕರಾರೂ ಇಲ್ಲ.

ವಾಂತಿಯ ಭಯ ಇದ್ದವರು ಡ್ರಾಮಮೀನ್ ಥರದ ಮಾತ್ರೆಯನ್ನು ಬೋಟ್ ಹತ್ತುವ ಒಂದು ಗಂಟೆ ಮುಂಚೆಯೇ ನುಂಗಬೇಕು. ತಲೆ ತಿರುಗಲು ಶುರುವಾದ ಮೇಲೆ ತೆಗೆದುಕೊಂಡು ಹೆಚ್ಚು ಉಪಯೋಗ ಇಲ್ಲ. ಬೇರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ. ಹೊಟ್ಟೆ ಖಾಲಿಯೂ ಬೇಡ, ಬೆಣ್ಣೆ ಮಸಾಲೆಯೂ ಬೇಡ. ಹೊಟ್ಟೆ ತೊಳಸಿದರೆ ಕ್ಯಾಬಿನ್ ಒಳಗೆ ಹೋಗಿ ಮಲಗಬೇಡಿ, ಹೊರಗೆ ನಿಂತು ದೂರದ ದಡ ನೋಡಿ. ಸನ್‌ಸ್ಕ್ರೀನ್, ಟೋಪಿ, ಜಾರದ ಶೂ ಇರಲಿ.

ಫ್ಲೂಕ್‌ಗಿಂತ ಮುಂಚೆ ಬೇರೆ ಏನೇನೋ ಬರುತ್ತದೆ. ರೆಕ್ಕೆ ಬಿಚ್ಚಿ ಗುರ್ ಅನ್ನುವ ಸೀ ರಾಬಿನ್, ಸ್ಕೇಟ್, ನಾಯಿ ಶಾರ್ಕ್. ಸೀ ರಾಬಿನ್‌ನ ತಲೆಯ ಮುಳ್ಳು ಚುಚ್ಚುತ್ತದೆ, ಬರಿಗೈ ಹಾಕಬೇಡಿ. ಬ್ಲ್ಯಾಕ್ ಸೀ ಬಾಸ್ ಬಂದರೆ ಅದಕ್ಕೆ ಬೇರೆ ಅಳತೆ, ಬೇರೆ ದಿನಾಂಕ. ಕೇಳಿಯೇ ಇಟ್ಟುಕೊಳ್ಳಿ.

ಹಿಡಿದ ಮೀನನ್ನು ವಾಟ್ಸಾಪ್ ಗ್ರೂಪಿನಲ್ಲಿ "ಫ್ರೆಶ್ ಫ್ಲೂಕ್, ಪೌಂಡಿಗೆ ಇಷ್ಟು" ಅಂತ ಹಾಕಬೇಡಿ. ಹವ್ಯಾಸಕ್ಕೆ ಹಿಡಿದದ್ದನ್ನು ಮಾರುವುದು ಕಾನೂನಿಗೆ ವಿರುದ್ಧ. ಹಂಚಿ ತಿನ್ನಲು ಅಡ್ಡಿ ಇಲ್ಲ.

ಕಾರಿನಲ್ಲಿ ಐಸ್ ತುಂಬಿದ ಕೂಲರ್ ಇರಲೇಬೇಕು, ಜುಲೈ ಬಿಸಿಲಿಗೆ ಮೀನು ಮನೆ ಮುಟ್ಟುವಷ್ಟರಲ್ಲಿ ಕೆಡುತ್ತದೆ. ಸೀಳಿದ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಐಸ್ ಮೇಲಿಡಿ, ಕರಗಿದ ನೀರಿನಲ್ಲಿ ನೆನೆದರೆ ರುಚಿ ಹೋಯಿತು. ಮೇಟ್ ಬರೀ ಮಾಂಸ ಕೊಟ್ಟು ಉಳಿದದ್ದು ಎಸೆಯುತ್ತಾನೆ. ತಲೆ, ಮುಳ್ಳು ಬೇಕು ಅಂತ ಮುಂಚೆಯೇ ಹೇಳಿ ಕೇಳಿ ನೋಡಿ, ಸಾರಿನ ರುಚಿ ಇರುವುದು ಅದರಲ್ಲೇ. ಫ್ಲೂಕ್ ಮಾಂಸ ಬಿಳಿ, ಮೆತ್ತಗೆ, ವಾಸನೆ ಕಡಿಮೆ. ಬಂಗುಡೆಯ ಖಾರ ಇದಕ್ಕೆ ಹಾಕಿದರೆ ಮೀನು ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಅರ್ಧ ಖಾರ, ಹುಣಸೆ, ಅರಿಶಿನ ಸವರಿ ರವೆ ಫ್ರೈ ಮಾಡಿ. ಗಸಿಗೆ ಹಾಕುವುದಾದರೆ ಚರ್ಮ ಇರಲಿ, ಮಸಾಲೆ ಪೂರ್ತಿ ಕುದಿದ ಮೇಲೆ ತುಂಡು ಬಿಟ್ಟು, ಸೌಟು ಹಾಕದೆ ಐದೇ ನಿಮಿಷಕ್ಕೆ ಇಳಿಸಿ. ಅಪಾರ್ಟ್‌ಮೆಂಟಿನವರು ಫ್ರೈಗೆ ಮೊದಲು ಕಿಟಕಿ ತೆಗೆದಿಡಿ, ಸ್ಮೋಕ್ ಅಲಾರಂಗೆ ರವೆ ಫ್ರೈ ಅಂದರೆ ಆಗುವುದಿಲ್ಲ.