ರಗ್ಬಿಯ ದೊಡ್ಡ ಪಂದ್ಯ: ಟ್ರೈಗಿಂತ ಮೊದಲು ನೆಲ ಗೆಲ್ಲಿ

ರಗ್ಬಿ ಎಂದರೆ ಚೆಂಡು ಹಿಡಿದು ಓಡಿ, ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ಟ್ರೈ ಗಳಿಸುವುದು ಎಂದೇ ಹೊಸಬರ ಎಣಿಕೆ. 2023ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಒಂದೂ ಟ್ರೈ ಇಲ್ಲದೆ ನ್ಯೂಜಿಲೆಂಡನ್ನು 12–11ರಿಂದ ಸೋಲಿಸಿತು. ಹನ್ನೆರಡೂ ಅಂಕ ಎದುರಾಳಿಯ ತಪ್ಪಿಗೆ ಸಿಕ್ಕು ಹ್ಯಾಂಡ್ರೆ ಪೊಲಾರ್ಡ್ ಒದ್ದ ನಾಲ್ಕು ಪೆನಾಲ್ಟಿಗಳವು. ಹುಬ್ಬಳ್ಳಿ–ಧಾರವಾಡದ ಕಬಡ್ಡಿ ಅಂಕಣದಿಂದಲೋ ಗರಡಿಯಿಂದಲೋ ಈ ಆಟಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಈ ಲೆಕ್ಕವನ್ನೇ.

ಮೊದಲ ಹೆಜ್ಜೆ, ನಿಮ್ಮ ಗೋಲು ಗೆರೆಯಿಂದ 22 ಮೀಟರ್ ದೂರದ ಗೆರೆಯ ಒಳಗೆ ಆಟ ಬೆಳೆಸಬೇಡಿ. ಎರಡು ಸಲ ಚೆಂಡು ಹೊತ್ತು ನುಗ್ಗಿ, ಮೂರನೆಯದಕ್ಕೆ ಒದ್ದುಬಿಡಿ. ರಕ್ (ನೆಲದ ಚೆಂಡಿನ ಮೇಲೆ ಎರಡೂ ಕಡೆಯವರು ನಿಂತು ತಳ್ಳಾಡುವ ಗುಂಪು) ಹಿಂದಿನಿಂದ ಸ್ಕ್ರಮ್ ಹಾಫ್ (ಅಲ್ಲಿಂದ ಚೆಂಡು ಎತ್ತಿಕೊಳ್ಳುವವನು) ಒದೆಯುವ ಎತ್ತರದ ಚೆಂಡು 20–25 ಮೀಟರ್ ದೂರ ಬಿದ್ದರೆ ಸಾಕು, ಆದರೆ ನಾಲ್ಕು ಸೆಕೆಂಡಾದರೂ ಗಾಳಿಯಲ್ಲಿರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ದೂರ ಒದೆಯುವ ಹುಮ್ಮಸ್ಸಿನಲ್ಲಿ ಚೆಂಡು ನಮ್ಮವರಿಗಿಂತ ಮುಂಚೆ ಎದುರಾಳಿಯ ಕೈ ಸೇರುತ್ತದೆ, ಅವನಿಗೆ ತಲೆಯೆತ್ತಿ ನೋಡಲು ಬಿಡುವು ಸಿಗುತ್ತದೆ. ಬೆನ್ನಟ್ಟುವವರು ಕಬಡ್ಡಿಯ ಸರಪಳಿಯಂತೆ ಒಂದೇ ಸಾಲಿನಲ್ಲಿ ಹೋಗಬೇಕು. ಒಬ್ಬ ಮುಂದೆ ಹಾರಿದರೆ ಅವನ ಪಕ್ಕದಲ್ಲೇ ದಾರಿ ತೆರೆದಂತೆ.

ನಿಮ್ಮ ಅರ್ಧದಿಂದ ಒದ್ದ ಚೆಂಡು ಮೈದಾನದಲ್ಲಿ ಪುಟಿದು ಎದುರಾಳಿಯ 22ರೊಳಗೆ ಪಕ್ಕದ ಗೆರೆ ದಾಟಿದರೆ ಲೈನ್‌ಔಟ್ ಎಸೆತ (ಪಕ್ಕದ ಗೆರೆಯಿಂದ ಎರಡೂ ತಂಡದ ಸಾಲುಗಳ ನಡುವೆ ಚೆಂಡು ಒಳಗೆಸೆಯುವುದು) ನಿಮಗೇ. 2021ರಲ್ಲಿ ಬಂದ ಈ ನಿಯಮದ ಭಯಕ್ಕೆ ಎದುರಾಳಿ ಇಬ್ಬರನ್ನಾದರೂ ಹಿಂದೆ ನಿಲ್ಲಿಸುತ್ತಾನೆ. ಆಗ ಮುಂದಿನ ಸಾಲು ತೆಳುವಾಗುತ್ತದೆ, ಓಡಲು ಅದೇ ಸಮಯ.

ಎರಡನೆಯದು ಟ್ಯಾಕಲ್, ಅಂದರೆ ಚೆಂಡು ಹೊತ್ತವನನ್ನು ಹಿಡಿದು ಕೆಡವುವುದು. ಕಬಡ್ಡಿ ಆಡಿದವರಿಗೆ ಇದು ಸುಲಭವೂ ಹೌದು, ಅಪಾಯವೂ ಹೌದು. ರೈಡರ್‌ನನ್ನು ಹಿಡಿದ ಮೇಲೆ ಬಿಡಬಾರದು ಎಂದು ಕೈ ಕಲಿತಿರುತ್ತದೆ. ರಗ್ಬಿಯಲ್ಲಿ ಅವನು ನೆಲಕ್ಕೆ ಬಿದ್ದ ಕ್ಷಣವೇ ಬಿಡಬೇಕು, ಪಕ್ಕಕ್ಕೆ ಉರುಳಬೇಕು. ಚೆಂಡು ಕಸಿಯಬೇಕಿದ್ದರೆ ಎದ್ದು, ಎರಡೂ ಕಾಲ ಮೇಲೆ ನಿಂತು, ತನ್ನ ಕಡೆಯಿಂದಲೇ ಕೈ ಹಾಕಬೇಕು. ಅಭ್ಯಾಸದಲ್ಲಿ ಬಿಟ್ಟ ಕೂಡಲೇ ಎರಡೂ ಅಂಗೈ ಮೇಲೆತ್ತಿ ರೆಫರಿಗೆ ತೋರಿಸುವುದನ್ನು ರೂಢಿಸಿ. ಹೊಡೆತ ಸೊಂಟದ ಮಟ್ಟದಲ್ಲಿರಲಿ: ಮೊಣಕಾಲು ಬಗ್ಗಿಸಿ, ಭುಜ ಕೊಟ್ಟು, ಎರಡೂ ತೋಳು ಸುತ್ತಿ. ನಿಮ್ಮ ತಲೆ ಅವನ ಮೈಗೆ ಅಡ್ಡ ಬರದೆ ಪಕ್ಕಕ್ಕಿರಬೇಕು, ಇಲ್ಲವಾದರೆ ಪೆಟ್ಟು ನಿಮಗೇ. ಅದೇ 2023ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಮೊದಲಾರ್ಧದಲ್ಲಿ ಮಾಡಿದ ಎತ್ತರದ ಟ್ಯಾಕಲ್‌ಗೆ ಕೆಂಪು ಕಾರ್ಡ್ ಬಿತ್ತು. ತಂಡ ಪಂದ್ಯದ ಬಹುಭಾಗವನ್ನು 14 ಜನರಲ್ಲೇ ಆಡಬೇಕಾಯಿತು.

ಎರಡೂ ಕಡೆಯ ಎಂಟೆಂಟು ಜನ ಬೆಸೆದು ಚೆಂಡಿಗಾಗಿ ತಳ್ಳುವ ಸ್ಕ್ರಮ್‌ಗೆ ಪೈಲ್ವಾನರ ಕುತ್ತಿಗೆ, ತೊಡೆ ಹೇಳಿ ಮಾಡಿಸಿದಂತಿರುತ್ತವೆ. ಆದರೆ ಬೆನ್ನು ನೇರವಿರಬೇಕು, ಭುಜ ಸೊಂಟಕ್ಕಿಂತ ಕೆಳಗಿಳಿಯಬಾರದು. ಎದುರಿನ ಪ್ರಾಪ್‌ನ (ಮುಂದಿನ ಸಾಲಿನ ಅಂಚಿನವನ) ತೋಳು ಹಿಡಿದು ಕೆಳಕ್ಕೆ ಜಗ್ಗಿದರೆ ಪೆನಾಲ್ಟಿ. ಅವನ ಬೆನ್ನಿನ ಮೇಲೋ ಪಕ್ಕೆಯ ಮೇಲೋ ಅಂಗಿ ಬಿಗಿಯಾಗಿ ಹಿಡಿದು, ಎಂಟೂ ಜನ ಒಂದೇ ಉಸಿರಿಗೆ ನೇರ ತಳ್ಳಬೇಕು. 2019ರ ಫೈನಲ್‌ನಲ್ಲಿ ಇಂಗ್ಲೆಂಡಿನ ಸ್ಕ್ರಮ್ ಮತ್ತೆ ಮತ್ತೆ ಕುಸಿಯಿತು. ದಕ್ಷಿಣ ಆಫ್ರಿಕಾ 66ನೇ ನಿಮಿಷದವರೆಗೆ ಟ್ರೈ ಇಲ್ಲದೆಯೇ 18 ಅಂಕ ಗಳಿಸಿತ್ತು. ಕೊನೆಗೆ ಗೆದ್ದದ್ದು 32–12ರಿಂದ.

ಪೆನಾಲ್ಟಿ ಸಿಕ್ಕಾಗ ಗೋಲಿಗೆ ಒದೆಯುವುದೋ ಬೇಡವೋ? ಒದೆಯುವವನ ಅಳತೆಯೊಳಗಿದ್ದರೆ ಮೂರು ಅಂಕ ತೆಗೆದುಕೊಳ್ಳಿ. ಬಿಡುವುದಕ್ಕೆ ಗಟ್ಟಿ ಕಾರಣ ಬೇಕು. 2015ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಜಪಾನ್ 29–32ರಿಂದ ಹಿಂದಿದ್ದಾಗ ಸಮ ಮಾಡುವ ಪೆನಾಲ್ಟಿ ಬಿಟ್ಟು ಸ್ಕ್ರಮ್ ಕೇಳಿ, ಟ್ರೈ ಹೊಡೆದು 34–32ರಿಂದ ಗೆದ್ದಿತು. ಆಗ ದಕ್ಷಿಣ ಆಫ್ರಿಕಾದ ಒಬ್ಬ ಪ್ರಾಪ್ ಹಳದಿ ಕಾರ್ಡ್ ಪಡೆದು ಹೊರಗಿದ್ದ ಎಂಬುದನ್ನು ಮರೆಯಬಾರದು.

ಧಾರವಾಡದ ಜಿಟಿಜಿಟಿ ಮಳೆಗೆ ಎರೆ ನೆಲ ಬೂಟಿಗೆ ಮೆತ್ತುವ ದಿನ ಉದ್ದ ಪಾಸ್‌ಗಳನ್ನು ಕೈಬಿಡಿ. ಒದ್ದೆ ಚೆಂಡು ಕೈಜಾರಿ ಮುಂದೆ ಬಿದ್ದರೆ ಸ್ಕ್ರಮ್ ಎದುರಾಳಿಗೆ ಹೋಗುತ್ತದೆ.

ಅಂಕ ಸಮವಾಗಿ ಕೊನೆಯ ನಿಮಿಷ ಬಂದರೆ ಡ್ರಾಪ್ ಗೋಲ್. ಫಾರ್ವರ್ಡ್‌ಗಳು (ಸ್ಕ್ರಮ್‌ನ ಎಂಟು ಜನ) ನುಗ್ಗಿ ಕಂಬಗಳ ನೇರಕ್ಕೆ ಚೆಂಡು ತರಬೇಕು. ಒದೆಯುವವನು ರಕ್‌ನಿಂದ ಹತ್ತು–ಹನ್ನೆರಡು ಮೀಟರ್ ಹಿಂದೆ ನಿಲ್ಲಲಿ, ಇನ್ನೂ ಹತ್ತಿರವಾದರೆ ಎದುರಾಳಿ ಕೈ ಚಾಚಿ ತಡೆಯುತ್ತಾನೆ. ಚೆಂಡನ್ನು ನೆಟ್ಟಗೆ ಹಿಡಿದು ತುದಿ ನೆಲಕ್ಕೆ ತಾಗುವಂತೆ ಬಿಡಿ, ತಾಗಿ ಮೇಲೇಳುವ ಕ್ಷಣಕ್ಕೆ ಒದೆಯಿರಿ. 2003ರ ಫೈನಲ್‌ನ ಹೆಚ್ಚುವರಿ ಸಮಯದ ಕೊನೆಯ ನಿಮಿಷದಲ್ಲಿ ಎಡಗಾಲಿನ ಜಾನಿ ವಿಲ್ಕಿನ್ಸನ್ ಇಂಗ್ಲೆಂಡನ್ನು ಗೆಲ್ಲಿಸಿದ್ದು ಬಲಗಾಲಿನಿಂದ. ಎರಡೂ ಕಾಲಿನಲ್ಲಿ, ಓಡಿ ದಣಿದ ಮೇಲೆ ಅಭ್ಯಾಸ ಮಾಡಿ.