ಟೈಲರ್‌ಗಳಿಗೆ ಬೇರೆ, ಸೂಪರ್‌ವೈಸರ್‌ಗಳಿಗೆ ಬೇರೆ

ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಮೊದಲ ಸಲ ಲೈಂಗಿಕ ಕಿರುಕುಳದ ಬಗ್ಗೆ ತರಬೇತಿ ಕೊಟ್ಟಾಗ, ಕ್ಯಾಂಟೀನಿನಲ್ಲಿ 200 ಜನರನ್ನು ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ಸೂಪರ್‌ವೈಸರ್‌ಗಳು. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಓದಿ, "ಪ್ರಶ್ನೆ ಇದೆಯಾ?" ಎಂದೆ. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನಲ್ಲಿ ಹತ್ತಿರ ಕೈ ತೊಳೆಯುವಾಗ ಒಬ್ಬಳು ಹುಡುಗಿ ಬಂದು, "ಅಕ್ಕಾ, ಬಾಬಿನ್ ಕೊಡುವಾಗ ಬೇಕಂತಲೇ ಕೈ ಹಿಡಿಯುತ್ತಾರೆ. ಅದೂ ಲೆಕ್ಕಕ್ಕೆ ಬರುತ್ತಾ?" ಎಂದಳು. ಬರುತ್ತದೆ. ಅವಳು ಹೇಳಿದ ಮನುಷ್ಯ ಮುಂದಿನ ಸಾಲಿನಲ್ಲೇ ಕೂತಿದ್ದ.

ಅವತ್ತಿನಿಂದ ಎರಡು ಬ್ಯಾಚು ಬೇರೆ ಬೇರೆ ಮಾಡುತ್ತೇನೆ. ಇಂಥ ತರಬೇತಿ ಕೊಡುವವರಾದರೆ ನೀವೂ ಹಾಗೇ ಮಾಡಿ.

ಮೊದಲು ಕಮಿಟಿ ನೋಡಿ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನವರು ಒಬ್ಬರು. ಕಾಗದದಲ್ಲಿ ಇದೆ ಅಂದರೆ ನಂಬಬೇಡಿ. ಫ್ಲೋರಿಗೆ ಹೋಗಿ ಒಬ್ಬ ಹೆಲ್ಪರ್‌ನ ಕೇಳಿ, "ಕಮಿಟಿಯಲ್ಲಿ ಯಾರಿದ್ದಾರಮ್ಮ?" ಎಂದು. ಅವಳಿಗೆ ಗೊತ್ತಿಲ್ಲದಿದ್ದರೆ ಕೆಲಸ ಅಲ್ಲಿಂದಲೇ ಶುರು.

ಟೈಲರ್, ಹೆಲ್ಪರ್, ಚೆಕಿಂಗ್‌ನವರಿಗೆ 25 ಜನರ ಬ್ಯಾಚು ಸಾಕು. ಊಟದ ಹೊತ್ತನ್ನು ಕಸಿಯಬೇಡಿ, ಡ್ಯೂಟಿ ಟೈಮಿನಲ್ಲೇ ಮಾಡಿ. ಪ್ರೊಡಕ್ಷನ್ ಮ್ಯಾನೇಜರ್ ಗೊಣಗುತ್ತಾರೆ, ಗೊಣಗಲಿ. ಒಡಿಶಾದ ಹುಡುಗಿಯರಿದ್ದರೆ ಅವರ ಭಾಷೆಯಲ್ಲಿ ಹೇಳುವವರು ಬೇಕೇ ಬೇಕು.

ಕಾನೂನು ಓದಬೇಡಿ, ಒಂದೊಂದು ಸನ್ನಿವೇಶ ಬರೆದ ಚೀಟಿ ಹಂಚಿ. "ಓಟಿ ಮುಗಿದ ಮೇಲೆ ಬೈಕಲ್ಲಿ ಬಿಡ್ತೀನಿ ಬಾ." "ನನ್ನ ಮಾತು ಕೇಳಿದ್ರೆ ಟಾರ್ಗೆಟ್ ಕಮ್ಮಿ ಮಾಡ್ತೀನಿ." ಫ್ಯಾಕ್ಟರಿ ಬಸ್ಸಿನಲ್ಲಿ ಡ್ರೈವರ್ ಹಾಡುವ ಡಬಲ್ ಮೀನಿಂಗ್ ಹಾಡು. ಸರಿ, ಸರಿಯಿಲ್ಲ, ಗೊತ್ತಿಲ್ಲ ಎಂದು ಮೂರು ಗುಡ್ಡೆ ಮಾಡಿಸಿ. 'ಗೊತ್ತಿಲ್ಲ' ಗುಡ್ಡೆಯ ಮೇಲೇ ಮಾತಾಡಿ. ಕಂಪನಿಯ ಬಸ್ಸೂ ಕೆಲಸದ ಜಾಗವೇ ಅಂದಾಗ ಕಣ್ಣು ಅರಳುತ್ತದೆ ನೋಡಿ!

ಮ್ಯಾನೇಜರ್, ಸೂಪರ್‌ವೈಸರ್‌ಗಳಿಗೆ ಅರ್ಧ ದಿನ ಬೇಕು. ಅವರಲ್ಲೇ ಒಬ್ಬರನ್ನು ದೂರು ಹೇಳುವ ಟೈಲರ್ ಮಾಡಿ ಕೂರಿಸುತ್ತೇನೆ. ಎದುರಿಗೆ ಕೂತವರ ಬಾಯಿಂದ ಬರುವ ಮೊದಲ ಮಾತನ್ನು ಬೋರ್ಡ್ ಮೇಲೆ ಬರೆಯುತ್ತೇನೆ. "ಹೋಗ್ಲಿ ಬಿಡಮ್ಮ." "ಅವನು ಸುಮ್ನೆ ತಮಾಷೆಗೆ ಮಾಡಿರ್ತಾನೆ." "ಮನೇಲಿ ಗೊತ್ತಾ?" ಬರೆದದ್ದನ್ನು ಅವರೇ ಓದಲಿ. ಒಂದು ಸಲ ಟೈಲರ್ ಪಾತ್ರದ ಸೂಪರ್‌ವೈಸರೇ ರೇಗಿ, "ನನ್ನ ಮಾತು ಪೂರ್ತಿ ಕೇಳ್ರೀ!" ಎಂದ. ಅದಕ್ಕಿಂತ ಒಳ್ಳೆಯ ಪಾಠ ನನಗೆ ಹೇಳಿಕೊಡೋಕೆ ಬರುತ್ತಿರಲಿಲ್ಲ.

ಆಮೇಲೆ ಹೇಳಿಕೊಡಿ: ಪೂರ್ತಿ ಕೇಳಿ, ಕಮಿಟಿಗೆ ದಾರಿ ತೋರಿಸಿ, ಫ್ಲೋರಲ್ಲಿ ಬಾಯಿ ಬಿಡಬೇಡಿ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಪಂಚಾಯಿತಿ ಮಾಡಬೇಡಿ. ರಾಜಿ ಆಗಬೇಕಾದರೆ ದೂರು ಕೊಟ್ಟವಳೇ ಕೇಳಬೇಕು, ಅದರಲ್ಲಿ ದುಡ್ಡಿನ ಮಾತು ಇರಕೂಡದು. ಘಟನೆ ಆದ 3 ತಿಂಗಳೊಳಗೆ ದೂರು ಕೊಡಬೇಕು. ಕಾರಣವಿದ್ದರೆ ಕಮಿಟಿ ಇನ್ನೂ 3 ತಿಂಗಳು ಕೊಡಬಹುದು. ಅವಳಿಗೆ ಬರೆಯೋಕೆ ಬರದಿದ್ದರೆ ಕಮಿಟಿಯವರೇ ನೆರವಾಗಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. 'ಅವಳನ್ನೇ ಬೇರೆ ಲೈನಿಗೆ ಹಾಕಿದರೆ ಆಯ್ತಲ್ವಾ' ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವಳು ಕೇಳದೆ ಹಾಗೆ ಮಾಡಿದರೆ ಅದು ಅವಳಿಗೇ ಶಿಕ್ಷೆ.

"ಸುಳ್ಳು ದೂರು ಕೊಟ್ಟರೆ ಮೇಡಂ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಕಂತಲೇ ಸುಳ್ಳು ಹೇಳಿದ್ದು ಸಾಬೀತಾದರೆ ಕ್ರಮ ಇದೆ, ಸಾಕ್ಷಿ ಸಿಗಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳಾಗಲ್ಲ. ಇಷ್ಟು ಹೇಳಿ ಮುಂದೆ ಹೋಗಿ.

ಕೊನೆಗೆ ಕಮಿಟಿಯ ನೋಟಿಸು. ಎಲ್ಲರಿಗೂ ಕಾಣುವ ಕಡೆ ಒಂದು ಹಾಕಲೇಬೇಕು. ಇನ್ನೊಂದನ್ನು ಹೆಂಗಸರ ಟಾಯ್ಲೆಟ್ ಬಾಗಿಲಿನ ಒಳಗಡೆ ಅಂಟಿಸಿ. ಫೋನು ಗೇಟಿನಲ್ಲೇ ಇಟ್ಟು ಬರುತ್ತಾರಲ್ಲ, ಅದಕ್ಕೇ ದೂರು ಹೇಳುವ ನಂಬರನ್ನು ಚೀಟಿ ಚೀಟಿಯಾಗಿ ಕತ್ತರಿಸಿ ಹರಿದುಕೊಳ್ಳುವ ಹಾಗೆ ನೇತುಹಾಕಿ. ನಾನು ಹೋಗುವ ಒಂದು ಕಡೆ ಹೋದ ತಿಂಗಳು ಐದು ಚೀಟಿ ಹರಿದಿದ್ದವು. ಫೋನು ಎರಡು ಬಂತು.