ಪಿಜ್ಜಾಕ್ಕೆ ಅಂಕ ಹಾಕೋದಾದರೆ ಮೊದಲು ತಳ ನೋಡಿ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮ ಕನ್ನಡದವರ ಬಳಗ ದೊಡ್ಡದು. ಯಾರ ಮನೆಗಾದರೂ ಊರಿಂದ ಅಪ್ಪ ಅಮ್ಮ ಬಂದು, ನ್ಯೂಯಾರ್ಕ್ ತೋರಿಸೋಕೆ ಹೊರಟರೆ ನನಗೊಂದು ಫೋನ್ ಬರುತ್ತದೆ. "ಪಿಜ್ಜಾ ಎಲ್ಲಿ ತಿನ್ನಿಸೋದು, ಒಂದು ಒಳ್ಳೆ ಜಾಗ ಹೇಳಿ." ಅವರಿಗೆ ಬೇಕಾದದ್ದು ಒಂದು ಹೆಸರು. ನಾನು ಮೂರು ಪ್ರಶ್ನೆ ಕೇಳುತ್ತೇನೆ. ಯಾವ ಥರದ ಪಿಜ್ಜಾ? ನಿಂತು ತಿನ್ನೋದಾ, ಕೂತು ತಿನ್ನೋದಾ? ಪ್ರಾಣಿಗಳ ಹೊಟ್ಟೆಯಿಂದ ತೆಗೆದ ರೆನೆಟ್ ಇರೋ ಚೀಸ್ ಬೇಡ ಅನ್ನೋ ಸಸ್ಯಾಹಾರಿಗಳು ಜೊತೆಯಲ್ಲಿ ಇದ್ದಾರಾ? ಇಷ್ಟು ಗೊತ್ತಾಗದೆ ನನ್ನ ನೋಟ್‌ಬುಕ್‌ನಲ್ಲಿರುವ ಅಂಕಗಳಿಂದ ಅವರಿಗೆ ಏನೂ ಉಪಯೋಗವಿಲ್ಲ.

ಆ ನೋಟ್‌ಬುಕ್ ವರ್ಷಗಳಿಂದ ಬೆಳೆಯುತ್ತಾ ಬಂದಿದೆ. ಅಂಗಡಿಗೊಂದು ಪುಟ. ಹಿಟ್ಟು, ನೀರು, ಉಪ್ಪು, ಯೀಸ್ಟ್. ಇಷ್ಟನ್ನೇ ಇಟ್ಟುಕೊಂಡು ಒಬ್ಬ ಒಳ್ಳೆ ಕೆಲಸಗಾರ ಏನು ಮಾಡಬಲ್ಲ ಅನ್ನೋದನ್ನು ಸರಿಯಾಗಿ ಗುರುತಿಸಬೇಕು ಅನ್ನೋದು ನನ್ನ ಆಸೆ. "ಸೂಪರ್ ಆಗಿತ್ತು" ಅಂತ ಹೇಳಿ ಸುಮ್ಮನಾದರೆ ಆ ಕೆಲಸಕ್ಕೆ ಮರ್ಯಾದೆ ಕೊಟ್ಟ ಹಾಗೆ ಆಗೋದಿಲ್ಲ, ಅಲ್ವಾ?

ನಾನು ಇಟ್ಟುಕೊಂಡಿರುವ ಮೊದಲ ನಿಯಮ, ಒಂದೊಂದು ಬಗೆಗೂ ಬೇರೆ ಬೇರೆ ಲೆಕ್ಕ. ಇಟಲಿಯ ನೇಪಲ್ಸ್ ಶೈಲಿಯ ಪಿಜ್ಜಾ ಕಟ್ಟಿಗೆ ಒಲೆಯಲ್ಲಿ 60ರಿಂದ 90 ಸೆಕೆಂಡ್‌ಗಳಲ್ಲಿ ಬೆಂದು ಹೊರಗೆ ಬರುತ್ತದೆ. ನಡುಭಾಗ ಮೆತ್ತಗೆ, ಸ್ವಲ್ಪ ಒದ್ದೆ. ಅಂಚು ಉಬ್ಬಿಕೊಂಡು, ಬೆಂಕಿಯ ಮೇಲೆ ಸುಟ್ಟ ಜೋಳದ ರೊಟ್ಟಿಯ ಹಾಗೆ ಅಲ್ಲಲ್ಲಿ ಕಪ್ಪು ಚುಕ್ಕೆ. ಇದನ್ನು ಕಾಪಾಡಲೆಂದೇ ನೇಪಲ್ಸ್‌ನಲ್ಲಿ 1984ರಲ್ಲಿ ಒಂದು ಸಂಘ ಶುರುವಾಯಿತು. ಹಿಟ್ಟು ಹೇಗಿರಬೇಕು, ಒಲೆ ಎಷ್ಟು ಕಾಯಬೇಕು, ಅಂಚು ಎಷ್ಟು ಎತ್ತರ ಇರಬೇಕು (1ರಿಂದ 2 ಸೆಂ.ಮೀ.) ಎಲ್ಲವನ್ನೂ ಅವರು ಬರೆದಿಟ್ಟಿದ್ದಾರೆ. ಈ ಪಿಜ್ಜಾ ಮಾಡುವ ಕಲೆಯನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ನ್ಯೂಯಾರ್ಕ್ ಸ್ಲೈಸ್ ಪೂರ್ತಿ ಬೇರೆ. ಗ್ಯಾಸ್ ಓವನ್, ಶಾಖ 300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಸುಮಾರು 45 ಸೆಂ.ಮೀ. ಅಗಲದ ಪಿಜ್ಜಾ, ಅದರಲ್ಲಿ ಎಂಟು ತುಂಡು. ಕೈಯಲ್ಲಿ ಮಡಚಿ, ನಡೀತಾ ತಿನ್ನೋಕೆ ಮಾಡಿದ್ದು. ಡೆಟ್ರಾಯಿಟ್‌ನ ಪಿಜ್ಜಾ ಉಕ್ಕಿನ ಚೌಕ ಟ್ರೇಯಲ್ಲಿ ಬೇಯುತ್ತದೆ. ಅಲ್ಲಿ ಚೀಸ್ ಅಂಚಿನವರೆಗೂ ಹರಿದು, ಸುಟ್ಟು ಗರಿಗರಿ ಆಗಬೇಕು. ನಡು ಮೆತ್ತಗಿದೆ ಅಂತ ನೇಪಲ್ಸ್ ಪಿಜ್ಜಾದ ಅಂಕ ಕಡಿಯೋದು, ದಪ್ಪ ಇದೆ ಅಂತ ಡೆಟ್ರಾಯಿಟ್ ಪಿಜ್ಜಾದ ಅಂಕ ಕಡಿಯೋದು ಅನ್ಯಾಯ. ನೇಪಲ್ಸ್ ಪಿಜ್ಜಾಕ್ಕೆ ಹತ್ತಕ್ಕೆ ಕೊಟ್ಟ 8, ನ್ಯೂಯಾರ್ಕ್ ಸ್ಲೈಸ್‌ಗೆ ಕೊಟ್ಟ 8 ಒಂದೇ ಅಲ್ಲ. ನನ್ನ ನೋಟ್‌ಬುಕ್‌ನಲ್ಲಿ ಅವು ಬೇರೆ ಬೇರೆ ಭಾಗದಲ್ಲಿವೆ.

ಎರಡನೆಯದು, ಎಲ್ಲಿ ಹೋದರೂ ಮೊದಲು ಕೇಳೋದು ಪ್ಲೇನ್. ಟೊಮೆಟೊ, ಚೀಸ್, ಅಷ್ಟೇ. ಮೇಲೆ ಅಣಬೆ, ಈರುಳ್ಳಿ, ಹಲಪೀನ್ಯೊ ಎಲ್ಲ ಬಿದ್ದರೆ ತಪ್ಪುಗಳು ಮುಚ್ಚಿಹೋಗುತ್ತವೆ. ಪ್ಲೇನ್ ಚೆನ್ನಾಗಿ ಮಾಡದ ಅಂಗಡಿಯವರ ಉಳಿದ ಪಿಜ್ಜಾಗಳನ್ನು ನಾನು ಅಂಕಕ್ಕೆ ಹಿಡಿಯೋದೇ ಇಲ್ಲ.

ಇನ್ನು ತಟ್ಟೆ ಕೈಗೆ ಬಂದ ಮೇಲೆ ಏನು ಮಾಡ್ತೀನಿ ಅಂತ ಹೇಳಿಬಿಡುತ್ತೇನೆ. ಸ್ಲೈಸ್ ಎತ್ತಿ ಮೊದಲು ಅದರ ತಳ ನೋಡುತ್ತೇನೆ. ಕಂದು ಬಣ್ಣ ತಳದ ತುಂಬಾ ಹರಡಿರಬೇಕು, ನಡುನಡುವೆ ಸ್ವಲ್ಪ ಕಪ್ಪು ಇರಬಹುದು. ಬಿಳಿಚಿಕೊಂಡಿದ್ದರೆ ಓವನ್ ಸಾಕಷ್ಟು ಕಾದಿರಲಿಲ್ಲ, ಇಲ್ಲಾ ಅವಸರದಲ್ಲಿ ಹೊರಗೆ ತೆಗೆದಿದ್ದಾರೆ. ತಳಕ್ಕೆ ಹಿಟ್ಟಿನ ಪುಡಿ ಜಾಸ್ತಿ ಅಂಟಿಕೊಂಡು ಸುಟ್ಟಿದ್ದರೆ ನಾಲಿಗೆಗೆ ಕಹಿ ಬರುತ್ತದೆ. ಆಮೇಲೆ ಅಂಚಿನ ಹತ್ತಿರ ಹಿಡಿದು ಸ್ವಲ್ಪ ಮಡಚಿ, ಸುಮ್ನೆ ಎತ್ತಿ ಹಿಡಿಯುತ್ತೇನೆ. ನ್ಯೂಯಾರ್ಕ್ ಸ್ಲೈಸ್‌ನ ತುದಿ ಒಂಚೂರು ಬಾಗಬಹುದು, ಜೋತು ಬೀಳಬಾರದು. ಮಡಚಿದ ಜಾಗದಲ್ಲಿ ತಳ ಸಣ್ಣಗೆ ಬಿರುಕು ಬಿಡಬೇಕು, ಆದರೆ ತುಂಡಾಗಬಾರದು. ಆ ಬಿರುಕಿನ ಸದ್ದು ಕೇಳಿದರೆ ಅಂಕದಲ್ಲಿ ಅರ್ಧ ಅಲ್ಲೇ ಬಂದ ಹಾಗೆ.

ಮುಂದೆ ಅಂಚನ್ನು ಮುರಿದು ಒಳಗೆ ನೋಡೋದು. ಚಿಕ್ಕದು ದೊಡ್ಡದು ಸೇರಿದ ತೂತುಗಳು, ಒಂದೇ ಥರ ಇಲ್ಲದವು, ಇದ್ದರೆ ಹಿಟ್ಟು ಚೆನ್ನಾಗಿ ಹುದುಗಿದೆ ಅಂತ ಅರ್ಥ. ಹೊರಗಡೆ ಅಂಚಿನ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಕಂಡರೆ, ಹೆಚ್ಚಾಗಿ ಆ ಹಿಟ್ಟು ಫ್ರಿಜ್ಜಿನಲ್ಲಿ ಒಂದೆರಡು ದಿನ ನಿಧಾನವಾಗಿ ಹುದುಗಿದ್ದು. ಅಂಥ ಅಂಚನ್ನು ಬರೀ ತಿಂದರೂ ರುಚಿ ಇರುತ್ತದೆ. ಬೆಳಗ್ಗೆ ಕಲಸಿ ಮಧ್ಯಾಹ್ನ ತಟ್ಟಿದ ಹಿಟ್ಟಿಗೆ ಆ ರುಚಿ ಬರೋದಿಲ್ಲ.

ಆಮೇಲೆ ಸಾಸ್ ಮತ್ತು ತಳದ ನಡುವಿನ ಜಾಗ. ಅಲ್ಲಿ ಬೇಯದ ಹಿಟ್ಟಿನ ಬಿಳಿ ಅಂಟು ಪದರ ಉಳಿದಿರುತ್ತದೆ ಒಮ್ಮೊಮ್ಮೆ. ಪಿಜ್ಜಾ ಮಾಡೋರು ಇದನ್ನು ಗಮ್ ಲೈನ್ ಅಂತಾರೆ. ಸಾಸ್ ನೀರಾಗಿದ್ದರೆ, ಚೀಸ್ ಜಾಸ್ತಿ ಹೇರಿದ್ದರೆ, ಓವನ್ ತಣ್ಣಗಿದ್ದರೆ ಇದು ಬರುತ್ತದೆ. ಮೇಲಿಂದ ನೋಡಿದರೆ ಕಾಣೋದೇ ಇಲ್ಲ. ಚೀಸ್ ಗುಳ್ಳೆ ಗುಳ್ಳೆಯಾಗಿ ಚಂದ ಕಾಣುತ್ತಿರುತ್ತದೆ, ಕೆಳಗೆ ಹಸಿ. ಹೊಟ್ಟೆ ಭಾರ ಆಯ್ತು ಅಂತ ಜನ ಚೀಸನ್ನು ಬೈತಾರೆ, ಎಷ್ಟೋ ಸಲ ತಪ್ಪು ಈ ಪದರದ್ದು.

ಹತ್ತರಲ್ಲಿ ನಾಲ್ಕು ಅಂಕ ತಳ ಮತ್ತು ಅಂಚಿಗೆ. ಸಾಸ್‌ಗೆ ಎರಡು, ಚೀಸ್‌ಗೆ ಎರಡು, ಇವೆಲ್ಲ ಹೊಂದಿಕೊಂಡಿವೆಯಾ ಅನ್ನೋದಕ್ಕೆ ಎರಡು. ತಳಕ್ಕೆ ಯಾಕೆ ಅಷ್ಟು ಅಂತ ಕೇಳುತ್ತಾರೆ. ಒಳ್ಳೆ ಟೊಮೆಟೊ ಡಬ್ಬಿ, ಒಳ್ಳೆ ಚೀಸ್ ದುಡ್ಡು ಕೊಟ್ಟರೆ ಸಿಗುತ್ತವೆ. ಹಿಟ್ಟನ್ನು ಹುದುಗಿಸಿ ಬೇಯಿಸೋದು ಮಾತ್ರ ಕೈಗೆ ಬರಬೇಕು. ಅರ್ಧ ಅಂಕಕ್ಕಿಂತ ಸಣ್ಣದನ್ನು ನಾನು ಕೊಡೋದಿಲ್ಲ. 7.3ಕ್ಕೂ 7.4ಕ್ಕೂ ಇರುವ ವ್ಯತ್ಯಾಸ ನನ್ನ ನಾಲಿಗೆಗೆ ಗೊತ್ತಾಗೋದಿಲ್ಲ, ಗೊತ್ತಾಗದ್ದನ್ನು ಬರೆಯಬಾರದು. ಜೆರ್ಸಿ ಸಿಟಿಯಲ್ಲಿ ರಾಝಾ ಅನ್ನೋ ಪಿಜ್ಜಾ ಅಂಗಡಿ ನಡೆಸುವ ಡ್ಯಾನ್ ರಿಚರ್ ಇದಕ್ಕಿಂತ ಎಷ್ಟೋ ವಿವರವಾದ ಪಟ್ಟಿ ಇಟ್ಟುಕೊಂಡು ತಮ್ಮ ಪಿಜ್ಜಾವನ್ನು ತಾವೇ ಅಳೆಯುತ್ತಾರೆ. ಮಾಡುವವರಿಗೆ ಅದು ಬೇಕು. ತಿನ್ನುವ ನಮಗೆ ನಾಲ್ಕು ಸಾಲು ಸಾಕು.

ಬೆಲೆಗೆ ಅಂಕ ಇಲ್ಲ, ಆದರೆ ಬರೆದಿಡುತ್ತೇನೆ. ಸ್ಲೈಸ್‌ನ ಬೆಲೆಯೂ ಸಬ್‌ವೇ ಟಿಕೆಟ್‌ನ ಬೆಲೆಯೂ ಜೊತೆಜೊತೆಗೇ ಏರುತ್ತವೆ ಅನ್ನೋ ಮಾತು 1980ರಿಂದಲೂ ನ್ಯೂಯಾರ್ಕ್‌ನಲ್ಲಿ ಇದೆ.

ಹೊತ್ತಿನ ವಿಷಯ ಮುಖ್ಯ. ಸ್ಲೈಸ್ ಅಂಗಡಿಯಲ್ಲಿ ಪಿಜ್ಜಾ ಗಾಜಿನ ಹಿಂದೆ ಕಾಯುತ್ತಾ ಇರುತ್ತದೆ, ಕೇಳಿದಾಗ ಮತ್ತೆ ಓವನ್‌ಗೆ ಹಾಕಿ ಬಿಸಿ ಮಾಡಿ ಕೊಡುತ್ತಾರೆ. ಎರಡನೇ ಸಲ ಬಿಸಿ ಮಾಡಿದಾಗ ತಳ ಇನ್ನಷ್ಟು ಗರಿ ಆಗುತ್ತದೆ, ಚೀಸ್ ಎಣ್ಣೆ ಬಿಡುತ್ತದೆ. ಹೊಸದಾಗಿ ಬಂದ ಪಿಜ್ಜಾದ ಸ್ಲೈಸ್‌ನಲ್ಲಿ ಚೀಸ್ ಹಾಲಿನ ಹಾಗೆ ಸಿಹಿ, ತಳ ಸ್ವಲ್ಪ ಮೆತ್ತಗೆ. ಎರಡೂ ಬೇರೆ ತಿಂಡಿ ಅಂತಲೇ ನಾನು ಹೇಳುತ್ತೇನೆ, ಯಾವುದು ತಿಂದೆ ಅಂತ ಪುಟದ ಮೇಲೆ ಬರೆಯುತ್ತೇನೆ. ಜನ ಜಾಸ್ತಿ ಇರುವ ಹೊತ್ತಿಗೆ ಹೋದರೆ ಹೊಸ ಪಿಜ್ಜಾ ಸಿಗುತ್ತದೆ. ಒಂದೇ ಭೇಟಿಯಲ್ಲಿ ಅಂಕ ಖಾಯಂ ಮಾಡೋದಿಲ್ಲ. ಬೇರೆ ವಾರ, ಬೇರೆ ದಿನ ಮತ್ತೆ ಹೋಗಬೇಕು. ಓವನ್ ಮುಂದೆ ನಿಲ್ಲೋ ಕೈ ಬದಲಾದರೆ ಪಿಜ್ಜಾನೂ ಬದಲಾಗುತ್ತದೆ. ಪೆಟ್ಟಿಗೆಯಲ್ಲಿ ಮನೆಗೆ ಬಂದದ್ದಕ್ಕಂತೂ ಅಂಕವೇ ಇಲ್ಲ. ಒಳಗಿನ ಹಬೆಯಲ್ಲಿ ತಳ ಮೆತ್ತಗಾಗಿರುತ್ತದೆ, ಅದು ಮಾಡಿದವನ ತಪ್ಪಲ್ಲ. ಒಂದು ದಿನಕ್ಕೆ ಮೂರು ಅಂಗಡಿ ಮೀರಬೇಡಿ. ನಾಲ್ಕನೆಯದನ್ನು ತಿನ್ನೋದು ಹಸಿವಲ್ಲ, ಹಟ.

ಒಂದು ಸಲ ನಮ್ಮ ಗೆಳೆಯರೆಲ್ಲ ಸೇರಿ ಹೆಸರು ಮುಚ್ಚಿಟ್ಟು ರುಚಿ ನೋಡಿದೆವು. ಹತ್ತಿರದ ಕೆಲವು ಅಂಗಡಿಗಳಿಂದ ಪ್ಲೇನ್ ತಂದು, ಪೆಟ್ಟಿಗೆಗಳನ್ನು ಗ್ಯಾರೇಜಿನಲ್ಲಿ ಬಚ್ಚಿಟ್ಟು, ಎಲ್ಲವನ್ನೂ ಕಾದ ಕಲ್ಲಿನ ಮೇಲೆ ಒಂದೇ ಥರ ಬಿಸಿ ಮಾಡಿ, ತಟ್ಟೆಗೆ ನಂಬರ್ ಹಚ್ಚಿ ಕೊಟ್ಟೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಸಿಹಿ ಸಾಸ್‌ನದಕ್ಕೆ ಜಾಸ್ತಿ ಅಂಕ ಕೊಟ್ಟರು. ಊರಿಂದ ಬಂದಿದ್ದ ಹಿರಿಯರಿಗೆ ಹುಳಿ, ಉಪ್ಪು ಎದ್ದು ಕಾಣೋದು ಇಷ್ಟವಾಯಿತು. ಗೆಳೆಯನ ತಾಯಿ, ತಿಂದು ಮುಗಿಸಿ, "ಇದರಲ್ಲಿ ಟೊಮೆಟೊ ಇದೆ ಅಂತ ಗೊತ್ತಾಗುತ್ತೆ ಕಣಪ್ಪ, ಅದರಲ್ಲಿ ಗೊತ್ತಾಗಲಿಲ್ಲ" ಅಂದರು. ಸಾಸ್ ಬಗ್ಗೆ ಅದಕ್ಕಿಂತ ನೇರವಾದ ಮಾತನ್ನು ನಾನು ಕೇಳಿಲ್ಲ. ಎಲ್ಲರ ಅಂಕ ಕೂಡಿಸಿ ಸರಾಸರಿ ತೆಗೆದಾಗ ಮಾತ್ರ ಎಲ್ಲ ಪಿಜ್ಜಾಗಳೂ ಒಂದೇ ಅಂಕಕ್ಕೆ ಬಂದು ನಿಂತವು. ಮಕ್ಕಳ ಇಷ್ಟ, ಹಿರಿಯರ ಇಷ್ಟ ಎರಡೂ ಅದರಲ್ಲಿ ಕರಗಿಹೋದವು. ಅಂದಿನಿಂದ ಸರಾಸರಿ ತೆಗೆಯೋದಿಲ್ಲ. ಯಾರು ಕೊಟ್ಟ ಅಂಕ, ಅವರಿಗೆ ಯಾವ ರುಚಿ ಇಷ್ಟ, ಅದನ್ನೂ ಪಕ್ಕದಲ್ಲಿ ಬರೆಯುತ್ತೇನೆ.

ಸಸ್ಯಾಹಾರಿಗಳ ವಿಷಯಕ್ಕೆ ಬರುತ್ತೇನೆ, ಇದನ್ನು ಕನ್ನಡದಲ್ಲಿ ಬರೆಯೋಕೆ ಮುಖ್ಯ ಕಾರಣವೇ ಇದು. ರೆನೆಟ್ ಅಂದರೆ ಹಾಲು ಒಡೆದು ಚೀಸ್ ಆಗಲು ಹಾಕುವ ಪದಾರ್ಥ. ಸಾಂಪ್ರದಾಯಿಕವಾಗಿ ಅದನ್ನು ಎಳೆಗರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆಯುತ್ತಾರೆ. ಅಮೆರಿಕದಲ್ಲಿ ಈಗ ಹೆಚ್ಚಿನ ಚೀಸ್‌ಗೆ ಪ್ರಾಣಿ ಮೂಲದ್ದಲ್ಲದ ರೆನೆಟ್ ಬಳಸುತ್ತಾರೆ, ಹಾಗಾಗಿ ಸಾಮಾನ್ಯ ಮೊಝರೆಲ್ಲಾದಲ್ಲಿ ತೊಂದರೆ ಕಡಿಮೆ. ಆದರೆ ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಮತ್ತು ಪೆಕೊರಿನೊ ರೊಮಾನೊದಲ್ಲಿ ಪ್ರಾಣಿ ರೆನೆಟ್ ಇದ್ದೇ ಇರುತ್ತದೆ. ಅಲ್ಲಿನ ಎಮ್ಮೆ ಹಾಲಿನ ಮೊಝರೆಲ್ಲಾದಲ್ಲೂ ಸಾಮಾನ್ಯವಾಗಿ ಹಾಗೆಯೇ. ಪಿಜ್ಜಾ ಓವನ್‌ನಿಂದ ಬಂದ ಮೇಲೆ ತುರಿದು ಉದುರಿಸುವ ಚೀಸ್ ಹೆಚ್ಚಾಗಿ ಪಾರ್ಮಿಜಾನೊ ಇಲ್ಲಾ ಪೆಕೊರಿನೊ. ನಾನು ಅದನ್ನು ತಿನ್ನುತ್ತೇನೆ, ನನ್ನ ಹೆಂಡತಿ ತಿನ್ನೋದಿಲ್ಲ. ಅದಕ್ಕೇ ಪ್ರತಿ ಪುಟದಲ್ಲೂ ಒಂದು ಸಾಲು ಅವಳಿಗಾಗಿ: ಮೇಲೆ ಯಾವ ಚೀಸ್ ತುರಿಯುತ್ತಾರೆ, ಬೇಡ ಅಂದರೆ ಬಿಡುತ್ತಾರಾ, ಪೆಪರೋನಿ (ಮಾಂಸ) ಪಿಜ್ಜಾ ಕೊಯ್ದ ಚಕ್ರದಲ್ಲೇ ನಮ್ಮದನ್ನೂ ಕೊಯ್ಯುತ್ತಾರಾ. ಮರ್ಯಾದೆಯಿಂದ ಕೇಳಿದರೆ ಹೆಚ್ಚಿನವರು ಬೇರೆ ಚಾಕು ತೆಗೆದುಕೊಳ್ಳುತ್ತಾರೆ. ಒಂದು ಕಡೆ ಮಾತ್ರ "ಅಷ್ಟಿದ್ದರೆ ಮನೆಯಲ್ಲೇ ತಿನ್ನಿ" ಅನ್ನೋ ಧಾಟಿಯಲ್ಲಿ ಮಾತಾಡಿದರು. ಆ ಅಂಗಡಿ ನನ್ನ ನೋಟ್‌ಬುಕ್‌ನಲ್ಲಿ ಇಲ್ಲ.

ನಾನು ಅತಿ ಹೆಚ್ಚು ಮನಸ್ಸಿಟ್ಟು ತಿಂದದ್ದು ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. ಊಸ್ಟರ್ ಸ್ಟ್ರೀಟ್‌ನಲ್ಲಿ 1925ರ ಫ್ರಾಂಕ್ ಪೆಪೆ, ಅದೇ ಬೀದಿಯಲ್ಲಿ 1938ರ ಸ್ಯಾಲೀಸ್, ಸ್ವಲ್ಪ ದೂರದಲ್ಲಿ ಮಾಡರ್ನ್. ಪೆಪೆ, ಸ್ಯಾಲೀಸ್ ಎರಡರಲ್ಲೂ ಕಲ್ಲಿದ್ದಲಿನ ಓವನ್. ಆ ಶಾಖ ಒಣ ಶಾಖ. ಅದಕ್ಕೇ ಅಲ್ಲಿನ ತಳ ತೆಳ್ಳಗಿದ್ದರೂ ಗಟ್ಟಿ, ಅಂಚಿನಲ್ಲಿ ಕಪ್ಪು ಜಾಸ್ತಿ, ಆಕಾರ ಸೊಟ್ಟ. ಮೊದಲ ಸಲ ನೋಡಿದವರು ಸೀದುಹೋಗಿದೆ ಅನ್ನುತ್ತಾರೆ. ಒಂದು ಚೂರು ಬಾಯಿಗೆ ಹಾಕಿ ನೋಡಬೇಕು: ಆ ಕಪ್ಪಿನ ಕಹಿ ಟೊಮೆಟೊದ ಸಿಹಿಗೆ ಸರಿಯಾಗಿ ಜೊತೆಯಾಗುತ್ತದೆ. ಅಲ್ಲಿ ಪ್ಲೇನ್ ಅಂದರೆ ಮೊಝರೆಲ್ಲಾ ಇರೋದಿಲ್ಲ. ಟೊಮೆಟೊ, ಎಣ್ಣೆ, ಮೇಲೆ ತುರಿದ ಪೆಕೊರಿನೊ. ಮೊಝರೆಲ್ಲಾ ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕು. ತಳಕ್ಕೆ ನಾಲ್ಕಕ್ಕೆ ನಾಲ್ಕು ಅಂಕ ನಾನು ಕೊಟ್ಟದ್ದು ಈ ಊರಿನಲ್ಲಿ, ಪೆಪೆಯ ಟೊಮೆಟೊ ಪಿಜ್ಜಾಕ್ಕೆ.

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಡಿ ಫಾರಾ ಇನ್ನೊಂದು ಅಂಗಡಿ. 2022ರಲ್ಲಿ ತೀರಿಕೊಂಡ ಡಾಮ್ ಡಿಮಾರ್ಕೊ ಅಲ್ಲಿ 1960ರ ದಶಕದಿಂದ ಪಿಜ್ಜಾ ಮಾಡಿದವರು. ವಯಸ್ಸಾದ ಮೇಲೂ ತಾವೇ ನಿಂತು, ಬೇಸಿಲ್ ಎಲೆಯನ್ನು ಕತ್ತರಿಯಿಂದ ಬಿಸಿ ಪಿಜ್ಜಾದ ಮೇಲೆ ಕತ್ತರಿಸಿ ಹಾಕುತ್ತಿದ್ದರು. ಜನ ಗಂಟೆಗಟ್ಟಲೆ ಕಾಯುತ್ತಿದ್ದರು. ಕಾದಿದ್ದಕ್ಕೆ ಅಂಕ ಕೂಡಿಸಬಾರದು, ಕಳೆಯಲೂಬಾರದು.

ನಮ್ಮ ಎಡಿಸನ್ ಸುತ್ತಮುತ್ತ ಸಿಗುವ ಪನೀರ್ ಟಿಕ್ಕಾ, ಗೋಬಿ ಮಂಚೂರಿ ಪಿಜ್ಜಾ? ಅದಕ್ಕೂ ಒಂದು ಭಾಗ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಝಾಂಟೆಯಲ್ಲಿ 1980ರ ದಶಕದಿಂದಲೇ ಇಂಡಿಯನ್ ಪಿಜ್ಜಾ ಮಾಡುತ್ತಿದ್ದಾರೆ, ಹಾಗಾಗಿ ಇದೂ ಒಂದು ಬಗೆಯೇ. ಕೆಲವರು ಇದನ್ನು ಪಿಜ್ಜಾನೇ ಅಲ್ಲ ಅನ್ನುತ್ತಾರೆ, ನಾನು ಒಪ್ಪೋದಿಲ್ಲ. ಇಲ್ಲಿಯೂ ತಳಕ್ಕೇ ನಾಲ್ಕು ಅಂಕ. ಮಸಾಲೆ ಒದ್ದೆಯಾಗಿದ್ದರೆ ಗಮ್ ಲೈನ್ ಬರೋದು ಇಲ್ಲೇ ಜಾಸ್ತಿ. ಪನೀರನ್ನು ಮೊದಲೇ ಬಾಡಿಸಿ ನೀರು ಆರಿಸಿಕೊಂಡವರ ಪಿಜ್ಜಾ ಕಚ್ಚಿದ ಕೂಡಲೇ ಗೊತ್ತಾಗುತ್ತದೆ.

ಈಗ ಫೋನ್ ಮಾಡಿ ಕೇಳುವವರಿಗೆ ನಾನು ಸಾಮಾನ್ಯವಾಗಿ ಹೇಳುವ ದಾರಿ. ಎಡಿಸನ್‌ನಿಂದ ರೈಲಿನಲ್ಲಿ ಪೆನ್ ಸ್ಟೇಷನ್, ಅಲ್ಲಿಂದ ಸಬ್‌ವೇಯಲ್ಲಿ ವೆಸ್ಟ್ ಫೋರ್ತ್ ಸ್ಟ್ರೀಟ್. ಇಳಿದು ಕಾರ್ಮೈನ್ ಸ್ಟ್ರೀಟ್‌ನಲ್ಲಿರುವ, 1975ರಲ್ಲಿ ಶುರುವಾದ ಜೋಸ್ ಪಿಜ್ಜಾಕ್ಕೆ ಹೋಗಿ, ತಲೆಗೊಂದು ಪ್ಲೇನ್ ಸ್ಲೈಸ್, ನಿಂತೇ ತಿನ್ನಿ. ಅದು ಗ್ಯಾಸ್ ಓವನ್. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಬ್ಲೀಕರ್ ಸ್ಟ್ರೀಟ್‌ನಲ್ಲಿ 1929ರ ಜಾನ್ಸ್, ಅದು ಕಲ್ಲಿದ್ದಲು. ಅಲ್ಲಿ ಸ್ಲೈಸ್ ಮಾರೋದಿಲ್ಲ, ಇಡೀ ಪಿಜ್ಜಾನೇ ತೆಗೆದುಕೊಳ್ಳಬೇಕು, ಹಾಗಾಗಿ ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಿ. ಅಮ್ಮಂದಿರು ಕೂತುಕೊಳ್ಳೋಕೆ ಬೆಂಚೂ ಇದೆ. ಎರಡು ಕಡೆಯೂ ತಿನ್ನುವ ಮೊದಲು ತಳ ನೋಡಿ, ಅಂಕ ಬರೆದುಕೊಳ್ಳಿ, ಸಂಜೆ ನನಗೆ ಕಳಿಸಿ.